ರೇಸ್ ಕೊಟ್ಟರೆ ಬಲ ಬರುವುದಿಲ್ಲ

ನಮ್ಮದು ಬಾಗಲಕೋಟೆ ಜಿಲ್ಲೆಯ ಗಲಗಲಿ. ಊರ ಮಗ್ಗುಲಿಗೇ ಕೃಷ್ಣಾ ಹೊಳಿ ಇದೆ. ಆದರೆ ನನ್ನ ಹೊಲಕ್ಕೆ ಹೊಳಿ ನೀರಿಲ್ಲ. ಎಂಟು ಎಕರೆ ಎರಿ ಭೂಮಿ, ಮಳೆ ಬಂದರೆ ಬೆಳೆ. ಹಿಂಗಾರಿಗೆ ಬಿಳಿಜೋಳ, ಕಡಲಿ, ಅಕ್ಕಡಿಗೆ ಕುಸುಬಿ. ಇಷ್ಟರಲ್ಲಿ ಮನಿ ನಡೆಯುವುದಿಲ್ಲವೆಂದು 2009ರಲ್ಲಿ ಸಾಲ ಮಾಡಿ 35 ಎಚ್‌ಪಿಯ ಹಳೇ ಟ್ರ್ಯಾಕ್ಟರ್ ತಂದೆ. ಬ್ಯಾಸಿಗಿಯಲ್ಲಿ ಬಾಡಿಗಿ ನೇಗಿಲು, ಮಳಿಗಾಲದಲ್ಲಿ ಕುಂಟಿ, ಚಳಿಗಾಲದಲ್ಲಿ ಹೊಳಿ ದಂಡಿಯ ಮಂದಿಯ ಕಬ್ಬು ಕಾರ್ಖಾನೆಗೆ ಹೇರುವುದು. ನಾನು ಕಲಿತದ್ದು ಏಳನೇ ಇಯತ್ತೆ. ಎಂಜಿನ್ ಬಗ್ಗೆ ಇಲ್ಲಿ ಬರೆಯುವುದೆಲ್ಲ ರೊಕ್ಕ ಕಳಕೊಂಡು ಕಲಿತದ್ದು.

ನಮ್ಮ ಕಡೆ ಹುಡುಗರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ರೇಸ್ ಎಷ್ಟು ಕೊಟ್ಟರೆ ಅಷ್ಟು ಜಗ್ಗುತ್ತದೆ ಎಂದು. ಖಾಲಿ ಟ್ರೇಲರ್ ಇದ್ದರೂ ಫುಲ್ ರೇಸ್, ಕುಂಟಿ ಹೊಡೆಯುವಾಗಲೂ ಫುಲ್ ರೇಸ್. "ಯಾಕಲೇ ತಮ್ಮಾ, ಇಷ್ಟ ಯಾಕ ಒದರಸ್ತಿ?" ಎಂದರೆ "ಕಾಕಾ, ರೇಸ್ ಕೊಡದಿದ್ರ ಜಗ್ಗೂದಿಲ್ಲ" ಎನ್ನುತ್ತಾರೆ. ಅವರ ತಪ್ಪಿಲ್ಲ. ಅವರು ಮೊದಲು ಕೈ ಕೂಡಿಸಿದ್ದು ಮೋಟಾರ್ ಸೈಕಲ್ಲಿಗೆ. ಪೆಟ್ರೋಲ್ ಎಂಜಿನ್ ಜೋರು ತಿರುಗಿದಷ್ಟೂ ಹುರುಪು ತೋರಿಸುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಮೀಟರಿನ ಕೆಂಪು ಗೆರೆ 6,000 ಸುತ್ತಿನ ಆಸುಪಾಸು ಇರುತ್ತದೆ. ನಮ್ಮ ಡೀಜಲ್ ಟ್ರ್ಯಾಕ್ಟರಿನ ಜಾತಿ ಬೇರೆ. ಅದರ ಪಿಸ್ಟನ್ ಭಾರ, ಹೊಡೆತ ಉದ್ದ. ಪೂರ್ತಿ ರೇಸಿನಲ್ಲೂ ನಿಮಿಷಕ್ಕೆ 2,000 ಸುತ್ತಿನ ಸ್ವಲ್ಪ ಆಚೀಚೆ. ಜಗ್ಗುವ ಬಲ ಎಲ್ಲಕ್ಕಿಂತ ಹೆಚ್ಚು ಇರುವುದು ಅಲ್ಲಿಯೂ ಅಲ್ಲ. ನಮ್ಮಲ್ಲಿ ಓಡಾಡುವ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಆ ಬಲ 1,200ರಿಂದ 1,500 ಸುತ್ತಿನ ನಡುವೆ ಇರುತ್ತದೆ.

ಎತ್ತು ಹೂಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಾರಕೋಲಿನಿಂದ ಬಡಿದರೆ ಎತ್ತು ಓಡುತ್ತದೆ. ಆದರೆ ಗಟ್ಟಿ ಎರಿಯಲ್ಲಿ ನೇಗಿಲು ಜಗ್ಗುವುದು ತನ್ನ ನಡಿಗೆಯಲ್ಲಿ, ಹೆಗಲು ಕೊಟ್ಟು. ಓಟ ಬೇರೆ, ಜಗ್ಗು ಬೇರೆ. ಎರಡೂ ಕೂಡಿದರೆ ಎಚ್‌ಪಿ. ಆಳವಾಗಿ ನೇಗಿಲು ಹೊಡೆಯುವಾಗ ಎರಡೂ ಬೇಕು, ಆಗ ರೇಸ್ ಹೆಚ್ಚಿರಲಿ. ಕುಂಟಿ, ಕೂರಿಗಿ, ಖಾಲಿ ಗಾಡಿ ಇಂಥ ಹಗುರ ಕೆಲಸಕ್ಕೆ ಅರ್ಧ ಬಲ ಸಾಕು. ಅಲ್ಲಿ ಒಂದು ಗೇರ್ ಏರಿಸಿ ರೇಸ್ ಇಳಿಸಿದರೆ ವೇಗ ಅಷ್ಟೇ ಇರುತ್ತದೆ, ಎಣ್ಣಿ ಉಳಿಯುತ್ತದೆ.

ನಾನು ಇದನ್ನು ಅಳೆದು ನೋಡಿದ್ದೇನೆ. ಸಪಾಟ ಜಾಗದಲ್ಲಿ ನಿಲ್ಲಿಸಿ ಟಾಕಿ ಕಂಠಮಟ ತುಂಬಿಸಿದೆ. ಒಂದು ಎಕರೆ ಫುಲ್ ರೇಸಿನಲ್ಲಿ ಕುಂಟಿ ಹೊಡೆದು, ಅದೇ ಜಾಗಕ್ಕೆ ತಂದು ಲೀಟರ್ ಮಾಪಿನಿಂದ ಮತ್ತೆ ತುಂಬಿದೆ. ಮರುದಿನ ಬಾಜೂಕಿನ ಎಕರೆಗೆ ಒಂದು ಗೇರ್ ಮೇಲೆ, 1,500 ಸುತ್ತಿನಲ್ಲಿ ಹೊಡೆದೆ. ಹೊತ್ತು ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಎಣ್ಣಿ ಅರ್ಧ ಲೀಟರ್ ಉಳಿಯಿತು. ಇದು ನನ್ನ ಹೊಲದ ಲೆಕ್ಕ, ನಿಮ್ಮಲ್ಲಿ ಬೇರೆ ಬಂದೀತು. ಆದರೆ ಬಾಡಿಗಿಗೆ ವರ್ಷಕ್ಕೆ 200 ಎಕರೆ ಹೊಡೆಯುವವನಿಗೆ ಅದು 100 ಲೀಟರ್. ಲೀಟರಿಗೆ 90 ರೂಪಾಯಿಯ ಆಸುಪಾಸು ಹಿಡಿದರೆ 9,000 ರೂಪಾಯಿ. ಒಣ ಬೇಸಾಯದವನಿಗೆ ಇದು ಸಣ್ಣ ರೊಕ್ಕ ಅಲ್ಲ.

ಹಾಗೆಂದು ಎಲ್ಲದಕ್ಕೂ ಮೇಲಿನ ಗೇರ್ ಹಾಕಿ ಎಂಜಿನ್ ಅದುಮಬಾರದು. ಭಾರ ಬಿದ್ದಾಗ ಸುತ್ತು ಇಳಿಯುತ್ತದೆ. 1,400ರವರೆಗೆ ಇಳಿದರೆ ಜಗ್ಗು ಹೆಚ್ಚುತ್ತದೆ, ಎಂಜಿನ್ ತಾನೇ ಸಂಭಾಳಿಸಿಕೊಳ್ಳುತ್ತದೆ. ಅದರ ಕೆಳಗೆ ಹೋದರೆ ಜಗ್ಗೂ ಇಳಿಯುತ್ತದೆ, ಕರೀ ಹೊಗೆ ಬರುತ್ತದೆ, ಎಂಜಿನ್ ಕಾಯುತ್ತದೆ, ಬೇರಿಂಗ್ ಸವೆಯುತ್ತದೆ. ಪರೀಕ್ಷೆ ಸರಳ ಇದೆ. ಕೆಲಸ ನಡೆದಾಗಲೇ ಕೈ ಎಕ್ಸಲೇಟರ್ ತುಸು ಏರಿಸಿ. ಎಂಜಿನ್ ತಟ್ಟನೆ ಓಗೊಟ್ಟರೆ ಗೇರ್ ಸರಿಯಿದೆ. ಹೊಗೆ ಉಗುಳಿ ಮುಲುಗಿದರೆ ಒಂದು ಗೇರ್ ಇಳಿಸಿ.

ರಾಶಿ ಮಷಿನ್ ನಡೆಸುವಾಗ ಮಾತ್ರ ಈ ಲೆಕ್ಕ ಬದಲು. ಅಲ್ಲಿ ಪಿಟಿಓ 540 ಸುತ್ತು ತಿರುಗಬೇಕು. ಅದಕ್ಕೆ ಎಂಜಿನ್ ಎಷ್ಟು ತಿರುಗಬೇಕೆಂದು ಮೀಟರಿನಲ್ಲಿ ಗುರುತು ಇರುತ್ತದೆ, ಅಲ್ಲಿಗೇ ಹಿಡಿಯಬೇಕು. ಬೇಗ ಮುಗಿಯಲಿ ಎಂದು ರೇಸ್ ಏರಿಸಿದರೆ ಕಡಲಿ ಒಡೆದು ಬ್ಯಾಳಿಯಾಗುತ್ತದೆ. ಆ ಕಾಳು ಬೀಜಕ್ಕೆ ಬರುವುದಿಲ್ಲ, ಪ್ಯಾಟ್ಯಾಗ ದರವೂ ಸಿಗುವುದಿಲ್ಲ. ಹಳೇ ಟ್ರ್ಯಾಕ್ಟರಿನವರಿಗೆ ಇನ್ನೊಂದು ಮಾತು. ಅವುಗಳಲ್ಲಿ ತಾಸಿನ ಮೀಟರ್ ಗಡಿಯಾರ ನೋಡಿ ಓಡುವುದಿಲ್ಲ, ಎಂಜಿನ್ ಸುತ್ತು ಎಣಿಸುತ್ತದೆ. ಫುಲ್ ರೇಸಿನಲ್ಲಿ ಅದೂ ಜೋರು ಓಡುತ್ತದೆ. ಆಯಿಲ್ ಬದಲಿಸುವ ದಿನ ಲಗೂನ ಬರುತ್ತದೆ.

ಇಷ್ಟು ರೊಕ್ಕದ ಮಾತು. ಈಗ ಜೀವದ ಮಾತು ಹೇಳುತ್ತೇನೆ.

2014ರ ಕಬ್ಬಿನ ಹಂಗಾಮು. ನನ್ನ ಅಣ್ಣನ ಮಗ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಆಗ ಅವನಿಗೆ ಇಪ್ಪತ್ತೊಂದು. ಎರಡು ಟ್ರೇಲರ್ ತುಂಬ ಕಬ್ಬು. ಕಾರ್ಖಾನೆಯ ದಾರಿಯಲ್ಲಿ ಒಂದು ದಿಬ್ಬ ಹತ್ತಿ ಇಳಿಯಬೇಕು. ಹತ್ತುವಾಗ ಸಣ್ಣ ಗೇರಿನಲ್ಲಿ ಹತ್ತಿದ. ಮೇಲೆ ಬಂದಮೇಲೆ, ಹೊತ್ತಾಯಿತೆಂದು ಟಾಪ್ ಗೇರ್ ಹಾಕಿ ಇಳಿಯಲು ಬಿಟ್ಟ. ಹಿಂದಿನ ಭಾರ ನೂಕತೊಡಗಿತು. ಬ್ರೇಕ್ ತುಳಿದರೆ ನಿಲ್ಲಲಿಲ್ಲ. ಆಗ ಗಾಬರಿಯಾಗಿ ಕ್ಲಚ್ ಒತ್ತಿ ಗೇರ್ ಇಳಿಸಲು ನೋಡಿದ. ಓಡುವ ಟ್ರ್ಯಾಕ್ಟರಿನಲ್ಲಿ ಗೇರ್ ಸುಲಭಕ್ಕೆ ಬೀಳುವುದಿಲ್ಲ. ಕರ್ ಎಂದು ಹಲ್ಲು ಕಡಿಯಿತು. ಎರಡನೇ ಸಲವೂ ಬೀಳಲಿಲ್ಲ. ಅಷ್ಟು ಹೊತ್ತು ಗಾಡಿ ನ್ಯೂಟ್ರಲ್ಲಿನಲ್ಲಿ ಹಗ್ಗ ಹರಿದ ಹೋರಿಯಂತೆ ಓಡಿತು. ಮೂರನೇ ಸಲ ಜೀವ ಬಿಟ್ಟು ನೂಕಿದ. ಎರಡು ಮೆಟ್ಟಿಲು ಕೆಳಗಿನ ಗೇರ್ ಸಿಕ್ಕಿತು. ಎಂಜಿನ್ ಚೀರಿದ ಸಪ್ಪಳ ಹಿಂದಿನ ಗಾಡಿಯವರಿಗೂ ಕೇಳಿಸಿತಂತೆ.

ಏನಾಯಿತೆಂದು ಆಮೇಲೆ ಮಿಸ್ತ್ರಿ ತಿಳಿಸಿ ಹೇಳಿದ. ಟಾಪ್ ಗೇರಿನಲ್ಲಿ ನನ್ನ ಟ್ರ್ಯಾಕ್ಟರ್ ತಾಸಿಗೆ ಸುಮಾರು 28 ಕಿಲೋಮೀಟರ್ ಓಡುತ್ತದೆ. ಅವನಿಗೆ ಸಿಕ್ಕಿದ್ದು 14ರ ಗೇರ್. ಗಾಡಿ 28ರಲ್ಲೇ ಓಡುತ್ತಿದ್ದರೆ ಎಂಜಿನ್ ಇಮ್ಮಡಿ, ಅಂದರೆ 4,000 ಸುತ್ತಿನ ಮೇಲೆ ತಿರುಗಬೇಕು. "ಗವರ್ನರ್ ಇರ್ತದಲ್ಲ, ಅದು ತಡೀಬೇಕಿತ್ತಲ್ಲ?" ಎಂದು ಕೇಳಿದೆ. ಗವರ್ನರ್ ಎಣ್ಣಿ ಬಂದ್ ಮಾಡೀತು ಅಷ್ಟೇ. ಇಳಿಜಾರಿನಲ್ಲಿ ಎಂಜಿನ್ ಗಾಲಿ ತಿರುಗಿಸುವುದಿಲ್ಲ, ಗಾಲಿಯೇ ಎಂಜಿನ್ ತಿರುಗಿಸುತ್ತದೆ. ಅದನ್ನು ತಡೆಯುವ ಕೈ ಗವರ್ನರಿಗೆ ಇಲ್ಲ. ವಾಲ್ವ್ ಪಿಸ್ಟನ್ನಿಗೆ ಬಡಿದು, ಪುಶ್‌ರಾಡ್ ಮಣಿದು ಎಂಜಿನ್ ಕಚ್ಚಿ ಹಿಡಿಯಿತು. ಹಿಂದಿನ ಗಾಲಿ ನಿಂತವು, ಟ್ರೇಲರ್ ನಿಲ್ಲಲಿಲ್ಲ. ಟ್ರ್ಯಾಕ್ಟರ್ ಅಡ್ಡ ತಿರುಗಿ ತೆಗ್ಗಿಗೆ ಬಿತ್ತು.

ಹುಡುಗ ಬದುಕಿದ. ಎಡಗಾಲು ಮುರಿಯಿತು. ಇವತ್ತಿಗೂ ಕುಂಟುತ್ತಾನೆ. ಎಂಜಿನ್ ರಿಪೇರಿಗೆ 62,000, ದವಾಖಾನಿಗೆ ಬೇರೆ. ದಾವಣಿಯಲ್ಲಿದ್ದ ಒಂದು ಜೋಡಿ ಎತ್ತು ಮಾರಿದೆ. ಟ್ರ್ಯಾಕ್ಟರ್ ಉಳಿಸಲು ಎತ್ತು ಮಾರಿದ ಆ ದಿನ ನನ್ನ ಹೆಂಡತಿ ಉಣ್ಣಲಿಲ್ಲ.

ಅಂದು ಮಂದಿಯೆಲ್ಲ ಹುಡುಗನ ಮೇಲೆ ಹಾಕಿದರು. ನಾನೂ ಬೈದೆ. ಆದರೆ ರಾತ್ರಿ ಕೂತು ಯೋಚಿಸಿದರೆ ತಪ್ಪು ನನ್ನದೇ ದೊಡ್ಡದಿತ್ತು. ನನ್ನ ಎರಡೂ ಟ್ರೇಲರಿಗೆ ಬ್ರೇಕ್ ಇರಲಿಲ್ಲ. ಅವನಿಗೆ ಪಗಾರ ಟ್ರಿಪ್ಪಿನ ಲೆಕ್ಕದಲ್ಲಿ ಕೊಡುತ್ತಿದ್ದೆ. ಕಾರ್ಖಾನೆ ಮುಂದೆ ಪಾಳಿ ಹಚ್ಚುವುದೇ ಒಂದು ದಿನ, ಅದರಲ್ಲಿ ಲಗೂ ಹೋದವನಿಗೆ ಎರಡು ರೂಪಾಯಿ ಹೆಚ್ಚು. ಅವಸರ ಮಾಡೆಂದು ರೊಕ್ಕ ಕೊಟ್ಟು ಕಲಿಸಿದವನು ನಾನು. ಇಳಿಜಾರಿಗೆ ಗೇರ್ ಎಲ್ಲಿ ಹಾಕಬೇಕೆಂದು ಒಂದು ದಿನವೂ ಕಲಿಸಿರಲಿಲ್ಲ.

ಹತ್ತುವ ಗೇರಿನಲ್ಲೇ ಇಳಿಯಬೇಕು. ಗೇರ್ ಬದಲಿಸುವ ಜಾಗ ದಿಬ್ಬದ ನೆತ್ತಿ, ಇಳಿಜಾರಿನ ನಡುವೆ ಅಲ್ಲ. ಕ್ಲಚ್ ಒತ್ತಿಕೊಂಡು, ನ್ಯೂಟ್ರಲ್ ಮಾಡಿಕೊಂಡು ಎಣ್ಣಿ ಉಳಿಸುತ್ತೇನೆ ಎನ್ನುವುದು ಎಲ್ಲಕ್ಕಿಂತ ಕೆಟ್ಟ ಉಳಿತಾಯ. ರಸ್ತೆ ಮೇಲೆ ಎಡ ಬಲ ಬ್ರೇಕ್ ಪೆಡಲ್ಲಿಗೆ ಕೊಂಡಿ ಹಾಕಿರಬೇಕು. ನಮ್ಮ ಹಿರಿಯರು ಚಕ್ಕಡಿ ಇಳಿಸುವಾಗ ಬ್ರೇಕಿನ ಕಟ್ಟಿಗೆ ಜಗ್ಗಿ ಕಟ್ಟುತ್ತಿದ್ದದ್ದು ದಿಬ್ಬದ ಮೇಲೆ ನಿಂತು. ಆ ಬುದ್ಧಿ ನಮಗೆ ಚಕ್ಕಡಿಯ ಕೂಡ ಹೋಯಿತು.

ಈಗ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಇಡುತ್ತಾರೆ. ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕಟ್ಟಿ, ಫುಲ್ ರೇಸ್, ಕರೀ ಹೊಗೆ, ಮುಂದಿನ ಗಾಲಿ ಮೇಲಕ್ಕೆ. ಹುಡುಗರ ಹುರುಪು ನನಗೂ ಗೊತ್ತು. ಜಾತ್ರೆ ಬೇಡ ಎನ್ನುವುದಿಲ್ಲ. ಆದರೆ ಸಾಲದ ಕಂತು ಮುಗಿಯದ ಎಂಜಿನ್ ಒಂದು ಡಾಲಿಗಾಗಿ ಸುಡುವುದು, ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಆಟಕ್ಕೆ ಮನಿ ಮಗನನ್ನು ಕೂಡಿಸುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನೋಡಿದ್ದನ್ನೇ ಹುಡುಗರು ಮರುದಿನ ರಸ್ತೆ ಮೇಲೆ ಮಾಡುತ್ತಾರೆ.

ಟ್ರ್ಯಾಕ್ಟರ್ ಮಾರುವವರು ಎಚ್‌ಪಿ ಹೇಳುತ್ತಾರೆ. ಹೆಚ್ಚಿನ ಜಗ್ಗು ಎಷ್ಟು ಸುತ್ತಿಗೆ ಬರುತ್ತದೆಂದು ಕೇಳಿದರೆ ಮಾತು ತಿರುಗಿಸುತ್ತಾರೆ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆ ಇದೆ. ಅದರ ವರದಿಯಲ್ಲಿ ಇದೆಲ್ಲ ಇರುತ್ತದೆ, ಕೇಳಿ ಪಡೆಯಿರಿ. ಅಮೆರಿಕದ ನೆಬ್ರಾಸ್ಕದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಕೆಟ್ಟ ಟ್ರ್ಯಾಕ್ಟರ್ ಕೊಂಡು ಸಾಕಾಗಿ, ಶಾಸಕನಾದ ಮೇಲೆ 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷೆಯ ಕಾನೂನು ತರಲು ಮುಂದೆ ನಿಂತನಂತೆ. ಒಬ್ಬ ರೈತನ ಸಿಟ್ಟಿನಿಂದ ಅಲ್ಲಿ 1920ರಿಂದ ಪರೀಕ್ಷೆ ಶುರುವಾಯಿತು. ಹಗುರ ಭಾರಕ್ಕೆ ಗೇರ್ ಏರಿಸಿ ರೇಸ್ ಇಳಿಸಿದರೆ ಎಣ್ಣಿ ಉಳಿಯುತ್ತದೆ ಎಂಬುದನ್ನು ಅಲ್ಲಿಯೂ ಅಳೆದು ತೋರಿಸಿದ್ದಾರೆ. ಕೇಳುವ ಬಾಯಿ ನಮಗೂ ಇರಬೇಕು.

2015ರಿಂದ ನಾನು ಪದ್ಧತಿ ಬದಲಿಸಿದೆ. ಡ್ರೈವರನಿಗೆ ಟ್ರಿಪ್ಪಿನ ಲೆಕ್ಕ ಇಲ್ಲ, ದಿನದ ಪಗಾರ. ಹೊಲದ ಕೆಲಸದಲ್ಲಿ ಎಕರೆಗೆ ಇಂತಿಷ್ಟು ಎಣ್ಣಿ ಎಂದು ಗೊತ್ತುಮಾಡಿ, ಉಳಿಸಿದ್ದರಲ್ಲಿ ಅರ್ಧ ಅವನಿಗೆ. ಕಬ್ಬಿಗೆ ಒಂದೇ ಟ್ರೇಲರ್, ಅದಕ್ಕೆ ಬ್ರೇಕ್ ಇದೆ. ಗಳಿಕೆ ತುಸು ಕಡಿಮೆ, ನಿಜ. ಆದರೆ ಆ ಎಂಜಿನ್ ಅಂದಿನಿಂದ ಮತ್ತೆ ಬಿಚ್ಚಿಲ್ಲ. ನಮ್ಮ ಹುಡುಗರಿಗೆ ಗೇರ್ ಕಲಿಸುವವನು ಈಗ ಅದೇ ಅಣ್ಣನ ಮಗ. ದಿಬ್ಬದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ತನ್ನ ಕಾಲು ತೋರಿಸಿ ಪಾಠ ಶುರು ಮಾಡುತ್ತಾನೆ.

ಟ್ರ್ಯಾಕ್ಟರ್ ಇದ್ದ ರೈತರು ಈ ಹಂಗಾಮಿಗೆ ಮೊದಲು ಒಂದು ದಿನ ಡ್ರೈವರನ ಬಾಜೂಕ ನಡೆದು ಎಂಜಿನ್ ಸಪ್ಪಳ ಕೇಳಿ. ನಿಮ್ಮ ಅಳತೆ ಬೇರೆ ಬಂದರೆ ಬರೆದು ತಿಳಿಸಿ, ನಾನೂ ತಿದ್ದಿಕೊಳ್ಳುತ್ತೇನೆ.