ಫೋಟೋ ಕೆಳಗಿನ ಆ ನಾಲ್ಕು ಸಾಲು

ಕಳೆದ ಯುಗಾದಿ ಅಮಾವಾಸ್ಯೆಗೆ ಕಲ್ಮಲದ ಹೊರಗೆ, ಲಿಂಗಸುಗೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ, ಗುಂಡುಗಲ್ಲುಗಳ ಹತ್ತಿರ ನಾವು ತೆಗೆದ ಆಕಾಶಗಂಗೆಯ ಫೋಟೋ ನಿಮ್ಮಲ್ಲಿ ಕೆಲವರ ಮೊಬೈಲಿಗೂ ಬಂದಿರಬಹುದು. ಬಂದಿದ್ದರೂ ಅದರ ಕೆಳಗೆ ನಾವು ಬರೆದಿದ್ದ ನಾಲ್ಕು ಸಾಲು ಬಂದಿರುವುದಿಲ್ಲ. ಆ ನಾಲ್ಕು ಸಾಲು ಇಲ್ಲದೆ ಏನಾಯಿತು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಅಂದರೆ ಮೂವರು. ಡಿಪ್ಲೊಮಾದಲ್ಲಿ ಒಂದೇ ಬ್ಯಾಚ್. ಈಗ ಒಬ್ಬರು ರಾಯಚೂರು, ಒಬ್ಬರು ದೇವದುರ್ಗ, ಒಬ್ಬರು ಮಾನ್ವಿ ಕಡೆಯ ಸುದ್ದಿ ಕಳಿಸುತ್ತೇವೆ. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಅಂತ ತಿಂಗಳ ಕೊನೆಗೆ ಲೆಕ್ಕ. ನಮ್ಮ ದುಡಿಮೆಯಲ್ಲಿ ಸ್ಟಾರ್ ಟ್ರ್ಯಾಕರ್ ಕೊಳ್ಳುವ ಮಾತೇ ಇಲ್ಲ. ಬೆಂಗಳೂರಿನಲ್ಲಿರುವ ಗೆಳೆಯ ಹಬ್ಬಕ್ಕೆ ಊರಿಗೆ ಬಂದಾಗ ತಂದಿದ್ದ, ಎರಡು ರಾತ್ರಿ ನಮ್ಮ ಕೈಗೆ ಕೊಟ್ಟ.

ನೋಡದವರಿಗೆ ಒಂದು ಮಾತು. ಟ್ರೈಪಾಡ್ ಮತ್ತು ಕ್ಯಾಮೆರಾ ನಡುವೆ ಕೂರಿಸುವ, ತಿಂಡಿ ಡಬ್ಬಿಯಷ್ಟು ದೊಡ್ಡ ಮೋಟಾರು ಅದು. ಭೂಮಿ ತನ್ನ ಸುತ್ತ ತಿರುಗಲು 23 ಗಂಟೆ 56 ನಿಮಿಷ ತೆಗೆದುಕೊಳ್ಳುತ್ತದೆ. ಈ ಮೋಟಾರು ಕ್ಯಾಮೆರಾವನ್ನು ಅದೇ ವೇಗದಲ್ಲಿ ಉಲ್ಟಾ ತಿರುಗಿಸುತ್ತದೆ. ಅದಿಲ್ಲದೆ ನಮ್ಮ 18 ಎಂಎಂ ಕಿಟ್ ಲೆನ್ಸಿನಲ್ಲಿ ಹದಿನೆಂಟು ಸೆಕೆಂಡಿನ ಮೇಲೆ ಶಟರ್ ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಟ್ರ್ಯಾಕರ್ ಇದ್ದರೆ ಎರಡು ನಿಮಿಷ ಇಟ್ಟರೂ ಚುಕ್ಕಿ ಚುಕ್ಕಿಯೇ. ಬೆಳಕು ಆರೇಳು ಪಟ್ಟು ಹೆಚ್ಚು ಸಿಗುತ್ತದೆ, ಹಾಲುಹಾದಿಯ ಒಳಗಿನ ಕಂದು, ನಸುಗೆಂಪು ಎಲ್ಲ ಬರುತ್ತದೆ.

ಕೇಳಲು ಸುಲಭ. ಆದರೆ ಯಂತ್ರದ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಸರಿಯಾಗಿ ಹಿಡಿಯಬೇಕು. ಯೂಟ್ಯೂಬಿನಲ್ಲಿ ತೋರಿಸುವ ಯುರೋಪಿನವರಿಗೆ ಧ್ರುವ ಎತ್ತರದಲ್ಲಿರುತ್ತದೆ. ನಮ್ಮ ರಾಯಚೂರು 16 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಧ್ರುವವೂ ದಿಗಂತದಿಂದ 16 ಡಿಗ್ರಿ ಮೇಲೆ, ಜಾಲಿಗಿಡದ ತುದಿಗೆ ಸಿಕ್ಕಿಕೊಂಡಂತೆ. ಆ ಎತ್ತರದಲ್ಲಿ ಬೇಸಿಗೆಯ ಧೂಳು, ಅದರ ಪಕ್ಕದಲ್ಲೇ ಈಶಾನ್ಯಕ್ಕೆ ಶಕ್ತಿನಗರದ ಥರ್ಮಲ್ ಸ್ಥಾವರದ ಬೆಳಕು. ಮುಕ್ಕಾಲು ಗಂಟೆ ಮೂವರೂ ಸರದಿ ಮೇಲೆ ಮೊಣಕಾಲೂರಿ ಹುಡುಕಿದೆವು. (ಯಂತ್ರ ಇಲ್ಲದವರು ಎರಡು ಹಲಗೆ, ಬಾಗಿಲಿಗೆ ಹಾಕುವ ಒಂದು ಹಿಂಜಸ್, ಒಂದು ಎಂ6 ಬೋಲ್ಟಿನಲ್ಲಿ ಟ್ರ್ಯಾಕರ್ ಮಾಡಿಕೊಳ್ಳುತ್ತಾರೆ. ಹಿಂಜಸ್‌ನಿಂದ ಬೋಲ್ಟ್ 228.5 ಮಿಲಿಮೀಟರ್ ದೂರ ಇರಬೇಕು, ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಬೇಕು, ಅಷ್ಟೇ. ರಾಯಚೂರಿನ ಯಾವ ವರ್ಕ್‌ಶಾಪಿನಲ್ಲಾದರೂ ಆಗುವ ಕೆಲಸ. ನಾವೂ ಮಾಡಿಸುವವರಿದ್ದೇವೆ.)

ತೊಡಕು ಶುರುವಾಗುವುದು ಇದರ ನಂತರ. ಕ್ಯಾಮೆರಾ ಆಕಾಶದ ಜೊತೆ ತಿರುಗಿದರೆ ನೆಲ ಜಾರುತ್ತದೆ. ಎರಡು ನಿಮಿಷಕ್ಕೆ ಅರ್ಧ ಡಿಗ್ರಿ, ಅಂದರೆ ಒಂದು ಹುಣ್ಣಿಮೆ ಚಂದ್ರನ ಅಗಲ. ಚುಕ್ಕಿ ಚೊಕ್ಕವಾಗಿ ಬಂತು, ಗುಂಡುಗಲ್ಲು ಮಸುಕಾಯಿತು. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಟ್ರ್ಯಾಕರ್ ನಿಲ್ಲಿಸಿ ಅದೇ ಜಾಗದಿಂದ ನೆಲದ್ದೊಂದು ಫೋಟೋ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿದೆವು. ಡೆಸ್ಕಿಗೆ ಕಳಿಸುವಾಗ ಇದನ್ನೆಲ್ಲ ನಾಲ್ಕು ಸಾಲಿನಲ್ಲಿ ಬರೆದೇ ಕಳಿಸಿದ್ದೆವು.

ಅಚ್ಚಾದದ್ದು ಒಂದು ಸಾಲು. ‘ಕಲ್ಮಲ ಬಳಿ ಆಗಸದಲ್ಲಿ ಕಂಡ ಆಕಾಶಗಂಗೆ.’

ಕಂಡ! ಯಾರಿಗೆ ಕಂಡದ್ದು? ಎರಡು ದಿನ ಬಿಟ್ಟು ರಾಯಚೂರಿನಿಂದ ಒಂದು ಕುಟುಂಬ ಮಕ್ಕಳನ್ನು ಕರೆದುಕೊಂಡು ರಾತ್ರಿ ಎಂಟಕ್ಕೆ ಬಂದು ನಿಂತಿತ್ತು. ಯುಗಾದಿ ಸುಮಾರಿಗೆ ಆಕಾಶಗಂಗೆಯ ಆ ದಟ್ಟ ಭಾಗ ಹುಟ್ಟುವುದೇ ಮಧ್ಯರಾತ್ರಿ ದಾಟಿದ ಮೇಲೆ, ಚೆನ್ನಾಗಿ ಮೇಲೆ ಬರುವುದು ನಸುಕಿನ ನಾಲ್ಕಕ್ಕೆ. ಅವರು ಒಂದು ತಾಸು ಕಾದು ಹೋದರಂತೆ. ಅದಕ್ಕಿಂತ ನಮಗೆ ನಾಟಿದ್ದು ಅಲ್ಲೇ ಪಕ್ಕದ ಹೊಲದ ತಾತನ ಮಾತು.

‘ಏನಪಾ, ನಮ್ಮೂರ ಆಕಾಶಕ್ಕ ಬಣ್ಣ ಹಚ್ಚೀರಂತ? ಮೂವತ್ತು ವರ್ಷ ಆತು ನಾ ರಾತ್ರಿ ನೀರು ಕಟ್ಟಾಕ ಹತ್ತಿ. ಇಂಥಾದ್ದು ಒಂದಿನಾನೂ ಕಂಡಿಲ್ಲ.’

ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಕೊಡುವ ಊರಿನಲ್ಲಿ ರೈತನಿಗಿಂತ ಹೆಚ್ಚು ಆಕಾಶ ನೋಡಿದವರು ಯಾರಿದ್ದಾರೆ? ಅವರು ಹೇಳಿದ್ದು ಸುಳ್ಳಲ್ಲ, ನಮ್ಮ ಫೋಟೋನೂ ಸುಳ್ಳಲ್ಲ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಎರಡು ನಿಮಿಷದ ಬೆಳಕನ್ನು ಕೂಡಿಸಿಡುವ ಶಕ್ತಿಯೂ ಕಣ್ಣಿಗಿಲ್ಲ. ಈ ಎರಡು ಸತ್ಯಗಳ ನಡುವೆ ಇದ್ದದ್ದು ಆ ನಾಲ್ಕು ಸಾಲು. ಅದು ಹೋಯಿತು, ನಾವು ಬಣ್ಣ ಹಚ್ಚುವವರಾದೆವು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಏಪ್ರಿಲ್ ಮೊದಲ ವಾರ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ, ತೆನೆ ತುಂಬುವ ಹೊತ್ತಿಗೆ ಭತ್ತ ಒಣಗುತ್ತಿದೆ ಎಂದು ನಮ್ಮಲ್ಲೊಬ್ಬರು ಫೋಟೋ ಸಮೇತ ಬರೆದರು. ರೈತರು ಆ ಪೇಪರ್ ಹಿಡಿದು ಅಧಿಕಾರಿಯೊಬ್ಬರ ಮುಂದೆ ಹೋದಾಗ ಅವರು ಒಂದೇ ಮಾತು ಹೇಳಿದರು: ‘ಫೋಟೋ ಜೋಡಿಸೋದು ಇವರಿಗೆ ಹೊಸದಲ್ಲ ಬಿಡ್ರಿ.’ ಮೂಲ ಫೈಲ್ ಕಾರ್ಡಿನಲ್ಲಿತ್ತು. ತೋರಿಸಿದೆವು. ಆದರೆ ಒಣ ಕಾಲುವೆಯ ಫೋಟೋಗೂ ಸಾಕ್ಷಿ ಹೇಳಬೇಕಾದ ಸ್ಥಿತಿ ನಮಗೆ ಬಂದದ್ದು ಆಕಾಶದಿಂದ.

ಅಡಿಬರಹ ಕಳಚಿದ ಮೇಲೆ ಚಿತ್ರ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಹಳೆಯ ಉದಾಹರಣೆ ಎಲ್ಲರ ಮೊಬೈಲಿನಲ್ಲೂ ಇದೆ. ದೀಪಾವಳಿ ರಾತ್ರಿ ಭಾರತ ಹೀಗೆ ಕಂಡಿತು, ನಾಸಾ ಚಿತ್ರ ಅಂತ ಬರುತ್ತದಲ್ಲ, ಕೆಂಪು ಹಸಿರು ನೀಲಿ ಚುಕ್ಕಿಗಳದ್ದು. ಅದು ದೀಪಾವಳಿಯದ್ದೇ ಅಲ್ಲ. ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್ 2003ರಲ್ಲಿ, ಊರುಗಳು ಬೆಳೆದದ್ದನ್ನು ತೋರಿಸಲು ಹಲವು ವರ್ಷಗಳ ಉಪಗ್ರಹ ಮಾಹಿತಿ ಕೂಡಿಸಿ ಮಾಡಿದ ನಕ್ಷೆ. 1992ಕ್ಕೆ ಮೊದಲೇ ಇದ್ದ ಬೆಳಕು ಬಿಳಿ, ಆ ವರ್ಷ ಕಂಡದ್ದು ನೀಲಿ, 1998ರದ್ದು ಹಸಿರು, 2003ರದ್ದು ಕೆಂಪು. 2012ರ ದೀಪಾವಳಿಗೆ ನಾಸಾ ನಿಜವಾದ ರಾತ್ರಿ ಚಿತ್ರ ಬಿಡುಗಡೆ ಮಾಡಿ ಇದನ್ನೆಲ್ಲ ಬಿಡಿಸಿ ಹೇಳಿತು. ಹಬ್ಬದ ದೀಪಗಳಿಂದ ಹೆಚ್ಚಾಗುವ ಬೆಳಕು ಅಂತರಿಕ್ಷಕ್ಕೆ ಗೊತ್ತಾಗುವಷ್ಟೂ ಇರಲಿಕ್ಕಿಲ್ಲ ಎಂದಿತು. ಎಲ್ವಿಡ್ಜ್ ಮಾಡಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಕೆಳಗಿದ್ದ ವಿವರಣೆ ಹೋಯಿತು, ಅಷ್ಟೇ.

ಆಕಾಶದ ಫೋಟೋ ಕಲೆ, ಅದಕ್ಕೆ ಸುದ್ದಿಯ ನಿಯಮ ಯಾಕೆ ಅಂತ ಟ್ರ್ಯಾಕರ್ ಕೊಟ್ಟ ಗೆಳೆಯ ವಾದಿಸುತ್ತಾನೆ. ಅವನ ಗೋಡೆಗೆ ಹಾಕಿಕೊಂಡರೆ ಕಲೆ, ಒಪ್ಪುತ್ತೇವೆ. ಊರಿನ ಹೆಸರು ಹಾಕಿ ಪೇಪರಿನಲ್ಲಿ ಬಂದರೆ ಅದು ಆ ಊರಿನ ಸುದ್ದಿ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ, ಕೊನೆಯ ಸುತ್ತಿಗೆ ಒಂದು ಮೆಟ್ಟಿಲು ಮೊದಲು, ಮೂಲ ಫೈಲ್ ತರಿಸಿ ಹೋಲಿಸಿದಾಗ ಶೇ 20ರಷ್ಟು ಚಿತ್ರಗಳು ಹೊರಬಿದ್ದವು. ಅಂಥ ದೊಡ್ಡವರಿಗೇ ಹಾಗಾದ ಮೇಲೆ ನಮ್ಮಂಥವರು ಗೆರೆ ಎಲ್ಲಿ ಎಳೆದುಕೊಳ್ಳಬೇಕು?

ಟ್ರ್ಯಾಕರ್ ಬಳಸುವುದರಲ್ಲಿ ಮೋಸ ಇಲ್ಲ ಅಂತ ನಾವು ಗಟ್ಟಿಯಾಗಿ ಹೇಳುತ್ತೇವೆ. ದೂರದ ಹಕ್ಕಿಗೆ ದೊಡ್ಡ ಲೆನ್ಸ್ ಹಾಕಿದ ಹಾಗೆ ಅದು. ಒಂದೇ ಜಾಗದಿಂದ, ಅದೇ ದಿಕ್ಕಿಗೆ, ಅದೇ ರಾತ್ರಿ ತೆಗೆದ ಎರಡನ್ನು ಜೋಡಿಸುವುದೂ ನಡೆಯುತ್ತದೆ, ಹೇಳಿದರೆ ಮಾತ್ರ. ಬೇರೆಡೆಯ ಆಕಾಶ ತಂದು ನಮ್ಮೂರ ಕೋಟೆ ಮೇಲೆ ಕೂರಿಸಿದರೆ, ಹೇಳಿದರೂ ಅದು ನಮ್ಮ ಕೆಲಸ ಅಲ್ಲ. ಆಕಾಶಗಂಗೆಯ ಆ ದಟ್ಟ ಭಾಗ ನಮ್ಮಲ್ಲಿ ದಕ್ಷಿಣದ ಕಡೆಗಿರುತ್ತದೆ. ಅದನ್ನು ಉತ್ತರ ದಿಕ್ಕಿನ ಗೋಪುರದ ಹಿಂದೆ ನಿಲ್ಲಿಸಿದ ಫೋಟೋಗಳು ಓಡಾಡುತ್ತಿವೆ. ಒಮ್ಮೆ ದಿಕ್ಕು ನೋಡಿ ಹಂಚಿ.

ಡೆಸ್ಕಿನ ಗೆಳೆಯರಿಗೂ ಒಂದು ಮಾತು. ಜಾಗ ಕಡಿಮೆ ಅಂತ ನಮಗೂ ಗೊತ್ತು. ವಿಶೇಷಣ ಕತ್ತರಿಸಿ, ನಮ್ಮ ಹೆಸರು ಬೇಕಾದರೂ ಕತ್ತರಿಸಿ, ಹೇಗೆ ತೆಗೆದದ್ದು ಅನ್ನುವುದನ್ನು ಬಿಡಿ. ಫೈಲಿನೊಳಗೆ ಬರೆದ ವಿವರ ವಾಟ್ಸ್ಆ್ಯಪ್ ದಾಟುವಾಗ ಅಳಿಸಿಹೋಗುತ್ತದೆ. ಅದಕ್ಕೆ ಇನ್ನುಮೇಲೆ ನಾವು ಚಿತ್ರದ ಮೂಲೆಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದು ಕಳಿಸುತ್ತೇವೆ. ಚಂದ ಕೆಡುತ್ತದೆ ಅಂತ ನಮ್ಮಲ್ಲೇ ಒಬ್ಬರಿಗೆ ಬೇಸರ ಇದೆ, ಇರಲಿ.

ಮುಂದಿನ ಅಮಾವಾಸ್ಯೆಗೆ ಮತ್ತೆ ಅಲ್ಲಿಗೆ ಹೋದೆವು. ಈ ಸಲ ತಾತನನ್ನು ಕರೆದುಕೊಂಡು. ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂತ ಮೇಲೆ ದಕ್ಷಿಣಕ್ಕೆ ಹೊಗೆ ಎಳೆದಂತೆ ಬಿಳಿ ಪಟ್ಟೆ ಕಾಣಿಸಿತು. ‘ಇದು ಗೊತ್ತು, ದಿನಾ ನೋಡ್ತೀನಿ’ ಅಂದರು. ಮೊದಲು ಹದಿನೈದು ಸೆಕೆಂಡಿನ ಫೋಟೋ ತೋರಿಸಿದೆವು, ಆಮೇಲೆ ಎರಡು ನಿಮಿಷದ್ದು. ಎರಡನ್ನೂ ಹಿಂದೆ ಮುಂದೆ ಮಾಡಿಸಿ ನೋಡಿದರು. ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಡೆಸ್ಕಿಗೆ ಕಳಿಸಿದ್ದೇವೆ. ಮೂಲೆಯಲ್ಲಿ ಹೀಗೆ ಬರೆದಿದ್ದೇವೆ:

‘ಕಲ್ಮಲ, ನಸುಕಿನ 3 ಗಂಟೆ. ಎಡಕ್ಕೆ: 15 ಸೆಕೆಂಡು, ಟ್ರ್ಯಾಕರ್ ಇಲ್ಲದೆ. ಬಲಕ್ಕೆ: ಟ್ರ್ಯಾಕರ್ ಮೇಲೆ 2 ನಿಮಿಷದ ಆಕಾಶ, ಅದೇ ಜಾಗದಿಂದ ಬೇರೆಯಾಗಿ ತೆಗೆದ ನೆಲ, ಎರಡನ್ನೂ ಜೋಡಿಸಿದ್ದು. ಬರಿಗಣ್ಣಿಗೆ ಈ ಬಣ್ಣ ಕಾಣುವುದಿಲ್ಲ.’