ಒಂದೇ ಪರದೆಯಲ್ಲಿ ಸರಿ ಕಂಡರೆ ಸಾಕೇ?

ಗಣಕ ವಿಷಯದ ಬೋಧನಾಭ್ಯಾಸದಲ್ಲಿ ಜಾಲಪುಟದ ಪಾಠ ಸಾಮಾನ್ಯವಾಗಿ ಲ್ಯಾಬಿನ ಒಂದೇ ಬ್ರೌಸರಿನಲ್ಲಿ ಮುಗಿಯುತ್ತದೆ. ಅಲ್ಲಿ ಪುಟ ಅಂದವಾಗಿ ಕಂಡರೆ ಅಂಕ ಸಿಗುತ್ತದೆ. ಬಾದಾಮಿಯದೋ ಹುನಗುಂದದ್ದೋ ವಿದ್ಯಾರ್ಥಿ ಅದನ್ನೇ ಮನೆಯ ಮೊಬೈಲಿನಲ್ಲಿ ತೆರೆದಾಗ ಪೆಟ್ಟಿಗೆ ಕೆಳಗೆ ಜಾರಿದ್ದರೆ, ‘ಇದು ನನಗ ಬರೂದಿಲ್ಲ’ ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನವನ್ನು ತಡೆಯಬೇಕಾದರೆ ಬ್ರೌಸರ್ ವ್ಯತ್ಯಾಸವನ್ನೇ ಪಾಠ ಯೋಜನೆಯ ಒಂದು ಕಲಿಕಾಂಶವಾಗಿ ಇಡಬೇಕು ಎಂಬುದು ನನ್ನ ಅಭಿಪ್ರಾಯ.

ವಿವರಿಸಲು ಇಳಕಲ್ ಸೀರೆಯೇ ಸಾಕು. ಅಗಲ ಹೇಳುವಾಗ ದಡಿ ಸೇರಿಸಿಯೋ, ಬರೀ ಒಡಲೋ ಎಂದು ತಿಳಿಸದಿದ್ದರೆ ಲೆಕ್ಕ ತಪ್ಪುತ್ತದೆ. 1996ರ ಮೊದಲ ಸಿಎಸ್‌ಎಸ್ ಮಾನದಂಡದಲ್ಲಿ ವಿಡ್ತ್ ಎಂದರೆ ಬರೀ ಒಡಲು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಪ್ಯಾಡಿಂಗ್, ಬಾರ್ಡರ್‌ಗಳನ್ನೂ ಅದರೊಳಗೇ ಎಣಿಸಿತು. ವಿಡ್ತ್ 300 ಪಿಕ್ಸೆಲ್, ಪ್ರತಿ ಬದಿಗೆ ಪ್ಯಾಡಿಂಗ್ 20, ಬಾರ್ಡರ್ 5 ಎಂದುಕೊಳ್ಳಿ. ಮಾನದಂಡದಂತೆ ಪೆಟ್ಟಿಗೆ 350, ಆ ಬ್ರೌಸರಿನಲ್ಲಿ 300. ಮಕ್ಕಳು ಇದನ್ನು ಕಪ್ಪುಹಲಗೆಯ ಮೇಲೆಯೇ ಕೂಡಿಸಿ ನೋಡಬಲ್ಲರು. ಇಂದಿನ ಬ್ರೌಸರುಗಳು ಈ ಲೆಕ್ಕದಲ್ಲಿ ಒಂದಾಗಿವೆ. ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಎಂದು ಬರೆದರೆ ‘ದಡಿ ಸೇರಿಸಿ’ ಎಂದು ಹೇಳಿದಂತೆ.

ಹಾಗೆಂದು ತೊಡಕು ಮುಗಿದಿಲ್ಲ. ಮೊದಲ ಸಾಲಿನ ಡಾಕ್‌ಟೈಪ್ ಬಿಟ್ಟರೆ ಬ್ರೌಸರ್ ಹಳೆಯ ಪುಟಗಳಿಗೆಂದು ಉಳಿಸಿಕೊಂಡ ರೂಢಿಗೆ ಹೊರಳುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಫಾಂಟ್ ಹೆಸರಿಸದಿದ್ದರೆ ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ ಬರಬಹುದು. ಇವುಗಳ ಅಳತೆ ಒಂದೇ ಅಲ್ಲ. ಸಾಲಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದಿಟ್ಟರೆ ‘ಪಟ್ಟದಕಲ್ಲು’ ಪದದ ಒತ್ತಕ್ಷರಗಳು ಒಂದು ಕಡೆ ಸರಿಯಾಗಿದ್ದು, ಇನ್ನೊಂದು ಕಡೆ ಕೆಳಸಾಲಿಗೆ ತಾಗಬಹುದು. ಎತ್ತರವನ್ನು 1.6ರಂಥ ಅನುಪಾತದಲ್ಲಿ ಕೊಡುವುದು ಲೇಸು.

ನಲವತ್ತು ನಿಮಿಷದ ಅವಧಿ, ಬೆರಳೆಣಿಕೆಯ ಗಣಕಗಳು, ನಡುವೆ ಹೋಗುವ ಕರೆಂಟು. ಇಷ್ಟರಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಎಲ್ಲ ಬ್ರೌಸರುಗಳೂ ಬೇಕಿಲ್ಲ. ಲ್ಯಾಬಿನ ಒಂದು ಬ್ರೌಸರ್, ಶಿಕ್ಷಕರ ಒಂದು ಮೊಬೈಲ್ ಸಾಕು. ಪುಟ ಎಲ್ಲೆಡೆ ಒಂದೇ ತೆರನಾಗಿ ಕಾಣಬೇಕೆಂಬ ಹಟವೂ ಬೇಡ. ಎಲ್ಲೆಡೆ ಓದಲು ಬಂದರಾಯಿತು.

ಪಾಠ ವೀಕ್ಷಿಸುವ ಮಾರ್ಗದರ್ಶಕರು ಒಂದು ಬದಲಾವಣೆ ಮಾಡಲಿ. ಪುಟದ ಅಂದಕ್ಕೆ ಕೊಡುವ ಅಂಕಗಳಲ್ಲಿ ಕೆಲವನ್ನು ‘ಎಲ್ಲಿ ನೋಡಿದೆ, ಏನು ಬದಲಾಯಿತು, ಏಕೆ’ ಎಂಬ ಮೂರು ಪ್ರಶ್ನೆಗಳ ಉತ್ತರಕ್ಕೆ ಮೀಸಲಿಡಲಿ. ಆಗ ಮನೆಯಲ್ಲಿ ಕೆಟ್ಟು ಕಂಡ ಪುಟವನ್ನು ವಿದ್ಯಾರ್ಥಿ ಮುಚ್ಚಿಡುವುದಿಲ್ಲ, ಮರುದಿನ ತರಗತಿಗೆ ತರುತ್ತಾನೆ.