ಬಿಸಿಲನ್ನು ಬೈಯುವವರಿಗೆ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಅನ್ನುತ್ತ ಓಡಿಹೋಗುತ್ತದೆ ಎಂಬುದು ಹಳೆಯ ಮಾತು. ಈಗ ಬೆಂಗಳೂರಿನಲ್ಲಿ ಚಳಿ ಹೊರಟ ಬಾಗಿಲಲ್ಲೇ ಗೊಣಗಾಟ ಒಳಗೆ ಬರುತ್ತದೆ: ‘ಏನ್ ಬಿಸ್ಲು ಗುರೂ, ಈ ಊರಿನ ಕಥೆ ಮುಗೀತು!’ ರಾಯಚೂರು, ಕಲಬುರಗಿಯವರು ಕೇಳಿಸಿಕೊಂಡರೆ ನಕ್ಕಾರು.

ಮತ್ತಿಕೆರೆಯ ನಿವಾಸಿಯಾಗಿ ನನ್ನ ವಾದ ಬೇರೆ. ಫೆಬ್ರುವರಿಯ ಕೊನೆಯಿಂದ ಯುಗಾದಿಯವರೆಗಿನ ಎಳೆ ಬೇಸಗೆಯೇ ಈ ಊರಿನ ಅತ್ಯುತ್ತಮ ಕಾಲ. ಜಿಟಿಜಿಟಿ ಮಳೆ, ಕೈಯಲ್ಲೊಂದು ಕಾಫಿ ಲೋಟ ಇದ್ದರೆ ಮಾತ್ರ ‘ವೆದರ್ ಚೆನ್ನಾಗಿದೆ’ ಎನ್ನುವುದು ರಸಿಕತೆಯಲ್ಲ, ಬರೀ ರೂಢಿ. ನಮ್ಮ ಬರಹಗಾರರೂ ಮಳೆ ಕಂಡರೆ ಕವಿತೆ ಬರೆಯುತ್ತಾರೆ. ಬಿಸಿಲನ್ನು ಬಡತನಕ್ಕೋ ಬವಣೆಗೋ ರೂಪಕ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕಡಲಿನಿಂದ ದೂರವಿದೆ. ಮಾರ್ಚ್ ಮಧ್ಯಾಹ್ನ 33 ಡಿಗ್ರಿ ಮುಟ್ಟಿದರೂ ಬೀಸುವುದು ಒಣಗಾಳಿ. ಮಂಗಳೂರಿನಲ್ಲಿ ಅದೇ 33 ಡಿಗ್ರಿಗೆ ಅಂಗಿ ಮೈಗೆ ಅಂಟುತ್ತದೆ. ನೆರಳಿಗೆ ಹೋದರೂ ಬಿಡುಗಡೆಯಿಲ್ಲ. ಇಲ್ಲಿ ಹೊಂಗೆಮರದ ಕೆಳಗೆ ಐದು ನಿಮಿಷ ನಿಂತರೆ ಬೆವರು ಆರುತ್ತದೆ. ಬೆಳಗಿನ ಜಾವ ಉಷ್ಣಾಂಶ 20ರ ಹತ್ತಿರ ಇಳಿದು ಮೈ ಹೊದಿಕೆ ಬೇಡುತ್ತದೆ.

ಮರಗಳಿಗೆ ಇದರ ಬೆಲೆ ಗೊತ್ತು. ಟಬೂಬಿಯಾ ಎಲೆಯುದುರಿಸಿ ಮೈತುಂಬ ಗುಲಾಬಿ ಬಣ್ಣ ಹೊದೆಯುತ್ತದೆ. ಹೊಂಗೆ ಹಳೆಯ ಎಲೆ ಕಳಚಿ, ಎಣ್ಣೆ ಸವರಿದಂಥ ಹೊಸ ಚಿಗುರು ತೊಡುತ್ತದೆ. ಮನೆ ತಾರಸಿಗಳಿಗೂ ಗೊತ್ತು: ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸುವುದು ಈಗಲೇ. ಮಳೆಯ ಭಕ್ತರು ಜುಲೈನಲ್ಲಿ ಕರಿದು ತಿನ್ನುವ ಸಂಡಿಗೆ ಮಾರ್ಚಿನ ಬಿಸಿಲಿನ ದಾನ.

‘ನೆರಳಲ್ಲಿ ಕೂತವನಿಗೆ ಬಿಸಿಲು ಚಂದ’ ಎಂದು ನೀವು ಹೇಳಬಹುದು. ಹಣ್ಣಿನ ಗಾಡಿ ತಳ್ಳುವವರಿಗೆ, ಗಾರೆ ಕೆಲಸದವರಿಗೆ ಇದು ಹಾಡಿ ಹೊಗಳುವ ವಿಷಯವಲ್ಲ, ನಿಜ. ಭೂಮಿ ಕಾಯುತ್ತಿರುವುದೂ ನಿಜ. 2016ರ ಏಪ್ರಿಲ್ 24ರಂದು ಇಲ್ಲಿ ಉಷ್ಣಾಂಶ 39.2 ಡಿಗ್ರಿಗೆ ಏರಿತ್ತು. ಆದರೆ ಗಾಡಿಯವರ ನೆತ್ತಿಯ ಮೇಲಿದ್ದ ಕೊಂಬೆಯನ್ನು ಸೂರ್ಯ ಕಡಿಯಲಿಲ್ಲ. ರಸ್ತೆ ಅಗಲವಾಗಲೆಂದು ಮರ ಉರುಳಿಸಿದೆವು. ಉಳಿದ ಮರಗಳ ಬುಡಕ್ಕೆ ಉಸಿರುಕಟ್ಟುವಂತೆ ಸಿಮೆಂಟು ಬಳಿದೆವು. ಸೈಟಿನ ಅಂಚಿನವರೆಗೂ ಮನೆ ಎಬ್ಬಿಸಿದೆವು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಶಾಖವನ್ನು ಉಗುಳುತ್ತದೆ. ಮೇಲೆ ಏಸಿ ಬೇರೆ: ನಮ್ಮ ಕೋಣೆಯ ಸೆಕೆಯನ್ನು ಬೀದಿಗೆ, ಅದೇ ಗಾಡಿಯವರ ಮುಖಕ್ಕೆ ತಳ್ಳುತ್ತದೆ.

ಸಾಹಿತ್ಯ ಓದುವ ನಮಗೆ ಮಾತಿನ ವ್ಯತ್ಯಾಸ ಗೊತ್ತಿರಬೇಕು. ‘ಬಿಸಿಲು ಜಾಸ್ತಿಯಾಯಿತು’ ಅಂದವರು ಹೋಗಿ ಏಸಿ ಕೊಳ್ಳುತ್ತಾರೆ. ‘ನೆರಳು ಕಡಿಮೆಯಾಯಿತು’ ಅಂದವರು ಮರ ಕೇಳುತ್ತಾರೆ. ಮೊದಲನೆಯದಕ್ಕೆ ದುಡ್ಡಿದ್ದರೆ ಸಾಕು. ಎರಡನೆಯದಕ್ಕೆ ನೆರೆಹೊರೆ ಬೇಕು. ಮತ್ತಿಕೆರೆ ಎಂಬ ಹೆಸರಿನಲ್ಲೇ ಒಂದು ಮರವೂ ಒಂದು ಕೆರೆಯೂ ಕೇಳಿಸುತ್ತವೆ. ಅವೆರಡೂ ಇದ್ದ ಕಡೆ ಬಿಸಿಲು ಶತ್ರುವಲ್ಲ, ನೆಂಟ.

ಈ ಮಾರ್ಚಿನಲ್ಲಿ ಗೊಣಗಲೇಬೇಕೆಂದರೆ ಆಕಾಶ ನೋಡಿ ಗೊಣಗಬೇಡಿ. ನಿಮ್ಮ ಬೀದಿಯ ಮರಕ್ಕೆ ಗರಗಸ ತಂದವರ ಎದುರು ನಿಂತು ಗೊಣಗಿ. ಸ್ವಲ್ಪ ಜೋರಾಗಿಯೇ.